ಮೇಲಿನ ಮಗ್ಗುಲಿಗೆ

ಯರಗಟ್ಟಿ,
೧೨ ಆಗಸ್ಟ್ ೨೦೦೭

ಚಿ. ಶೀತಲಳಿಗೆ ಅವ್ವನ ಆಶೀರ್ವಾದ.

ಪೆಟ್ರೋಲು ಸರಿಯಾಗಿ ಉರಿಯುತ್ತದೋ ಇಲ್ಲವೋ ನೋಡಲು ನಮ್ಮ ಕಾರಿನ ಸೈಲೆನ್ಸರ್ ಪೈಪಿಗೆ ಹಾಕಬೇಕೆಂದು ನೀನು ತರಿಸಿದ್ದ ಆಕ್ಸಿಜನ್ ಸೆನ್ಸರ್, ನೀನು ಸಿಟ್ಟಿನಿಂದ ಕೊಲ್ಹಾಪುರದ ಗ್ಯಾರೇಜಿಗೆ ಕೆಲಸಕ್ಕೆ ಹೋದ ಮೂರನೆಯ ದಿನ ಬಂತು. ಹೆಣ್ಣುಮಗಳು ಓಣಿಯವರ ಎದುರು ಕಾರಿನ ಕೆಳಗೆ ಮಲಗಿ ರಿಪೇರಿ ಮಾಡುವುದು ನಮ್ಮ ಮನೆತನಕ್ಕೆ ಸಲ್ಲದೆಂದು ನಾನು ಅಂದದ್ದು ನಿಜ.

ನಿನ್ನ ಹಂಗಿಲ್ಲದೆ ಹಾಕಿಸೋಣವೆಂದು ನಿನ್ನೆ ಮಿಸ್ತ್ರಿ ರಾಯಪ್ಪನನ್ನು ಕರೆಸಿದೆ. ಅವನು ಪೈಪಿನ ಅಡಿಗೆ ತೂತು ಕೊರೆಯಲು ಹೊರಟ.

"ಅಡಿಗೆ ಬ್ಯಾಡೋ, ನೀರು ನಿಂತು ಕೆಡತೈತಿ. ಮ್ಯಾಲಿನ ಮಗ್ಗಲಿಗೆ ವಾರೆ ಮಾಡಿ ಹಾಕಬೇಕು" ಎಂದೆ.

"ಅವ್ವಾರ, ಇದನ್ನ ಯಾವ ಸಾಲ್ಯಾಗ ಕಲಿತ್ರಿ?" ಎಂದು ನಕ್ಕ.

"ನನ್ನ ಮಗಳು ಊಟಕ್ಕ ಕುಂತಾಗ ದಿನಾ ಹೇಳತಿದ್ಲು" ಎಂದೆ.

ನಾನು ಕೇಳುತ್ತಿಲ್ಲವೆಂದು ನೀನು ತಿಳಿದಿದ್ದೆ.

ತೂತು ಕೊರೆಸದೆ ಅವನನ್ನು ಕಳಿಸಿಬಿಟ್ಟೆ. ಸೆನ್ಸರಿನ ಡಬ್ಬಿ ನನ್ನ ತಿಜೋರಿಯಲ್ಲಿದೆ. ನಿನ್ನ ಗ್ಯಾರೇಜಿನ ಅಂಗಿಯನ್ನು ಎರಡು ಸಲ ಒಗೆದೆ, ಎಣ್ಣೆಯ ಕಲೆ ಹೋಗಲಿಲ್ಲ. ಹಾಗೇ ಮಡಿಚಿಟ್ಟಿದ್ದೇನೆ.

ಬರುವ ರವಿವಾರ ಬಂದು ಕೆಲಸ ಮುಗಿಸು. ಅಂಗಳದಲ್ಲೇ ಮಾಡು. ಟಾರ್ಚ್ ನಾನು ಹಿಡಿಯುತ್ತೇನೆ, ಓಣಿಯವರು ನೋಡಲಿ.

ಯಾವ ಬಸ್ಸಿಗೆ ಬರುತ್ತೀ ತಿಳಿಸು.

ನಿನ್ನ ಅವ್ವ,
ಗುರುಬಸವ್ವ