ಐದನೆಯ ಕ್ಷಿಪಣಿ

ಇಟ್ಟಿಗಿ
೧೯ ಆಗಸ್ಟ್ ೨೦೦೭, ಭಾನುವಾರ

ನನ್ನ ತಮ್ಮ ಅರುಣಾ,

ನೀನು ನಮ್ಮನ್ನು ಬಿಟ್ಟುಹೋಗಿ ಈ ಡಿಸೆಂಬರಿಗೆ ನಾಲ್ಕು ವರ್ಷವಾಗುತ್ತದೆ. ನಿನಗೆ ಬರೆಯಬೇಕು ಎಂದು ಎಷ್ಟೋ ಸಲ ಕೂತಿದ್ದೇನೆ. ಬರೆಯಲು ಕೂತರೆ ಒಂದು ಮಾತನ್ನು ಮೊದಲು ಹೇಳಬೇಕಾಗುತ್ತಿತ್ತು, ಅದಕ್ಕೆ ಧೈರ್ಯ ಸಾಲದೆ ಎದ್ದುಬಿಡುತ್ತಿದ್ದೆ. ಇವತ್ತು ಏಳುವ ಹಾಗಿಲ್ಲ. ನಿನ್ನ ಅಳಿಯ, ನನ್ನ ಮಗ ಚನ್ನವೀರನ ರಕ್ತದ ವರದಿ ಗುರುವಾರ ದಾವಣಗೆರೆಯಲ್ಲಿ ಕೈಗೆ ಬಂತು. ನಿನಗೆ ಇದ್ದ ಸ್ನಾಯು ಸವೆಯುವ ರೋಗವೇ ಅವನಿಗೂ ಇದೆ.

ಅವನಿಗೀಗ ನಾಲ್ಕೂವರೆ ವರ್ಷ. ನೀನು ಕಂಡಾಗ ನಿನ್ನ ತೊಡೆಯ ಮೇಲೆ ಮಲಗಿಸಿದ್ದ ಹಸುಗೂಸು. ನೆಲದಿಂದ ಏಳುವಾಗ ಮೊಣಕಾಲಿಗೆ ಕೈಯೂರಿ, ಆಮೇಲೆ ತೊಡೆಗೆ ಕೈಯೂರಿ, ತನ್ನ ಮೈಯನ್ನು ತಾನೇ ಹತ್ತಿಕೊಂಡು ಏಳುತ್ತಾನೆ. ಇಲ್ಲಿಯವರೆಲ್ಲ ಅವನ ಮೀನಖಂಡ ಹಿಡಿದು, "ಎಷ್ಟು ಗಟ್ಟಿ ಅದಾನ ನೋಡ್ರಿ, ಪೈಲ್ವಾನ ಆಗ್ತಾನ" ಎನ್ನುತ್ತಾರೆ. ಸಣ್ಣವನಿದ್ದಾಗ ನಿನ್ನ ಮೀನಖಂಡವೂ ಹಾಗೆಯೇ ಉಬ್ಬಿದ್ದದ್ದು ಒಂದು ವರ್ಷದಿಂದ ನನಗೆ ನೆನಪಾಗುತ್ತಿತ್ತು. ಕೆಮ್ಮಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ, ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಅವನನ್ನು ದಾವಣಗೆರೆಗೆ ಕರೆದೊಯ್ದೆ. ನಿನ್ನ ಕತೆ ಕೇಳಿದ ಮೇಲೆ ಡಾಕ್ಟರು ವರದಿಯನ್ನು ನನ್ನ ಕಡೆ ಸರಿಸಿದರು. "ಬೆಂಗಳೂರಿನಾಗ ಇನ್ನೊಂದು ಟೆಸ್ಟ್ ಮಾಡಸ್ರಮ್ಮ. ಆದ್ರ ನನಗೇನೂ ಅನುಮಾನ ಉಳಿದಿಲ್ಲ. ಇದು ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರ್ತದ" ಎಂದರು.

ತಾಯಿ ಎಂದರೆ ನಾನು.

ಇನ್ನು ಆ ಮಾತಿಗೆ ಬರುತ್ತೇನೆ. ೯೯ನೇ ಇಸವಿ ನಿನಗೆ ನೆನಪಿದ್ದೇ ಇರುತ್ತದೆ. ನಿನಗೆ ಹದಿನಾರು, ನನಗೆ ಇಪ್ಪತ್ತು. ಗಾಲಿಕುರ್ಚಿ ಕೊಟ್ಟೂರಿನ ಹೈಸ್ಕೂಲಿನ ಮೆಟ್ಟಿಲು ಹತ್ತದೆ ನಿನ್ನ ಓದು ನಿಂತಿತ್ತು. ಟೈಪಿಂಗ್ ಕಲಿಸುತ್ತಿದ್ದ ಎರ್ರೆಪ್ಪ ತನ್ನ ಹಳೆಯ ಕಂಪ್ಯೂಟರನ್ನು ತಂದು ನಡುಮನೆಯಲ್ಲಿ ಜೋಡಿಸಿ, ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಸಿಡಿಯನ್ನು ಹಾಕಿಕೊಟ್ಟ. ಯುದ್ಧವಿಮಾನ ಹಾರಿಸುವ ಆಟ. ಆ ಬೇಸಿಗೆ ಟಿವಿಯಲ್ಲೂ ಯುದ್ಧವೇ ನಡೆಯುತ್ತಿತ್ತು. ಅಪ್ಪ ಬಟ್ಟೆ ಅಂಗಡಿಯಿಂದ ಬಂದವನು ಪರದೆ ನೋಡಿ, "ಇದರಾಗೂ ಹೊಡದಾಟನಾ?" ಎಂದು ಒಳಗೆ ಹೋದ.

ನಿನ್ನ ಬಲಗೈಯನ್ನು ದಿಂಬಿನ ಮೇಲಿಟ್ಟರೆ ವಿಮಾನ ಹಾರಿಸುವ ಜಾಯ್‌ಸ್ಟಿಕ್ ಕೋಲನ್ನು ಮಣಿಕಟ್ಟಿನಿಂದ ಅಲ್ಲಾಡಿಸಬಲ್ಲವನಾಗಿದ್ದೆ. ಆದರೆ ಅದರ ಗುಂಡಿ ಬಿಗಿ. ಕೀಲಿಮಣೆಯವರೆಗೆ ಕೈ ಚಾಚುವುದಂತೂ ಆಗುತ್ತಿರಲಿಲ್ಲ. ಹಾಗಾಗಿ ಹಾರಿಸುವವನು ನೀನು, ಒತ್ತುವವಳು ನಾನು. ಮಧ್ಯಾಹ್ನ ಎರಡರಿಂದ ನಾಲ್ಕು ಕರೆಂಟು ಇರುವ ಹೊತ್ತು ನಾವಿಬ್ಬರೂ ಆಕಾಶದಲ್ಲಿರುತ್ತಿದ್ದೆವು. ನಮ್ಮ ವಿಮಾನಕ್ಕೆ ನಾಲ್ಕೇ ಕ್ಷಿಪಣಿ. ಮೊದಲ ತಿಂಗಳು ನಾಲ್ಕನ್ನೂ ನಾನು ಹಾಳುಮಾಡಿದೆ. ಶತ್ರು ಚುಕ್ಕೆಯಾಗಿ ಕಂಡರೆ ಸಾಕು, ಹೆದರಿ ಒತ್ತುತ್ತಿದ್ದೆ. ಬಿಳಿ ಹೊಗೆ ಅಷ್ಟು ದೂರ ಹೋಗಿ, ಬಾಗಿ, ನೆಲಕ್ಕೆ ಬೀಳುತ್ತಿತ್ತು.

ನೀನು ಒಂದು ದಿನವೂ ಬೈಯಲಿಲ್ಲ. ನೋಡಿದೆ, ಲೆಕ್ಕ ಹಾಕಿದೆ, ನನ್ನ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸಿದೆ. "ಅಕ್ಕಾ, ಮಿಸೈಲಿಗೆ ಬೆಂಕಿ ಇರೋದು ಬರೇ ಏಳೆಂಟು ಸೆಕೆಂಡು. ಆಮ್ಯಾಲೆ ಅದು ಎಸದ ಕಲ್ಲು. ಎತ್ತರದಾಗ ಇದ್ದು, ಜೋರಾಗಿ ಹೋಗ್ತಾ ಎಸದ್ರ ದೂರ ಹೋಗ್ತೈತಿ." ಇಪ್ಪತ್ತು ಮೈಲಿ ಹೋಗುತ್ತದೆ ಎಂದು ಆಟದಲ್ಲಿ ಬರೆದಿದ್ದರೆ ಅದು ಎದುರಿಗೆ ಬರುವವನಿಗೆ ಮಾತ್ರ, ಓಡುವವನ ಬೆನ್ನ ಹಿಂದೆ ಬಿಟ್ಟರೆ ಐದು ಮೈಲಿಗೇ ಉಸಿರು ಕಟ್ಟುತ್ತದೆ ಎಂದು ಕಂಡುಹಿಡಿದವನೂ ನೀನೇ. ಶಾಖ ಹುಡುಕಿ ಹೋಗುವ ಕ್ಷಿಪಣಿ ಕಿವಿಯಲ್ಲಿ ಗುರ್ ಎನ್ನುತ್ತಿತ್ತಲ್ಲ, ಅದಕ್ಕೆ ನಾನು ಕುಣಿದುಬಿಡುತ್ತಿದ್ದೆ. "ಅದು ಸೂರ್ಯನ್ನ ಕಂಡ್ರೂ ಗುರ್ ಅಂತೈತಿ. ದನಿ ಏರಿ ಒಂದ ಸಮ ನಿಲ್ಲಬೇಕು. ಅವ ಮಿಸೈಲಿನ ದಾರಿ ತಪ್ಪಸಾಕ ಬೆಂಕಿ ಉಂಡಿ ಉದುರಸ್ತಾನ, ಉದುರಸ್ಲಿ. ತಿರಗತಾನ, ತಿರಗ್ಲಿ. ನೆಟ್ಟಗ ಆದಮ್ಯಾಲೆ ಒತ್ತು." ರಾಡಾರಿನಿಂದ ಹೋಗುವ ಕ್ಷಿಪಣಿಗೆ ಇನ್ನೊಂದು ಕಷ್ಟ. ಬಿಟ್ಟ ಮೇಲೂ ಅದು ಮುಟ್ಟುವ ತನಕ ಮೂಗನ್ನು ಶತ್ರುವಿನ ಕಡೆಯೇ ಹಿಡಿದಿರಬೇಕು. ಅತ್ತಲಿಂದ ಅವನ ಕ್ಷಿಪಣಿ ಬರುತ್ತಿದ್ದರೂ ತಿರುಗುವ ಹಾಗಿಲ್ಲ. ಆ ಹತ್ತು ಹದಿನೈದು ಸೆಕೆಂಡು ನಿನ್ನ ಮುಖ ನೋಡಲಾಗದೆ ನಾನು ಕೀಲಿಮಣೆ ನೋಡುತ್ತಿದ್ದೆ. ಒತ್ತುವ ಹೊತ್ತು ಬರುವ ತನಕ ನೀನು ಹೇಳುತ್ತಿದ್ದದ್ದು ಇಷ್ಟೇ: "ಬ್ಯಾಡ... ಬ್ಯಾಡ... ಇನ್ನಾ ಬ್ಯಾಡ... ಈಗ." ಆ "ಈಗ" ಎನ್ನುವ ದನಿಯಲ್ಲಿ ನಿನಗೆ ಯಾವ ರೋಗವೂ ಇರಲಿಲ್ಲ ಅರುಣ.

ಎರಡು ವರ್ಷದಲ್ಲಿ ನಾವು ನಾಲ್ಕಕ್ಕೆ ನಾಲ್ಕನ್ನು ಹೊಡೆಯುವಷ್ಟಾದೆವು. ಒಂದು ಹಾರಾಟ ಮಾತ್ರ ಗೆಲ್ಲಲಾಗಲಿಲ್ಲ. ಎಂಟು ವಿಮಾನಗಳ ಎದುರು ನಾವೊಬ್ಬರೇ. ಕೆಲವರನ್ನು ಕೆಡವಿ, ಉಳಿದವರಿಂದ ತಪ್ಪಿಸಿಕೊಂಡು ಮನೆ ಮುಟ್ಟಬೇಕು. ಪ್ರತಿ ಸಲ ಕಡಲ ಮೇಲೆ ಸುಟ್ಟು ಬೀಳುತ್ತಿದ್ದೆವು. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ನಿನ್ನ ಮಣಿಕಟ್ಟು ಕೂಡ ಸೋಲುತ್ತಾ ಬಂದಿತ್ತು. ಮದುವೆಗೆ ತಿಂಗಳಿದೆ ಎನ್ನುವಾಗ ನನಗೇನು ಅನ್ನಿಸಿತೋ, ಅವ್ವ ನಿನಗೆ ಉಣ್ಣಿಸುತ್ತಿದ್ದ ಹೊತ್ತಿನಲ್ಲಿ ಆಟದ ಸೆಟ್ಟಿಂಗಿಗೆ ಹೋಗಿ, ಕ್ಷಿಪಣಿ ಮುಗಿಯದ ಹಾಗೆ ಮಾಡಿದೆ. ಒಂದು ಸಲವಾದರೂ ನೀನು ಮನೆ ಮುಟ್ಟಬೇಕಿತ್ತು, ನಾನು ಹೋಗುವ ಮುಂಚೆ.

ಅವತ್ತು ನಾಲ್ಕೂ ಹೊಡೆದವು. ನಾಲ್ಕನೆಯದು ಮುಟ್ಟಿದ ಮೇಲೆ ನೀನು ವಿಮಾನವನ್ನು ಮನೆಯ ಕಡೆ ತಿರುಗಿಸಿದೆ. ಹಿಂದೆ ಒಬ್ಬ ಬೆನ್ನು ಹತ್ತಿದ. ನೀನು ಅವನನ್ನು ಮುಂದೆ ಹೋಗಗೊಟ್ಟೆ, ಅವನು ನಮ್ಮ ಮೂಗಿನ ನೇರಕ್ಕೆ ಬಂದ. ನೀನು "ಈಗ" ಎನ್ನಲಿಲ್ಲ. ನಾಲ್ಕೂ ಮುಗಿದಿದ್ದವು, ಎನ್ನುವ ಕಾರಣವೇ ಇರಲಿಲ್ಲ. ನಾನು ಒತ್ತಿದೆ. ರೆಕ್ಕೆಯ ಕೆಳಗಿನಿಂದ ಐದನೆಯದು ಹೊರಟು ಅವನನ್ನು ಸುಟ್ಟುಹಾಕಿತು.

ನಿನ್ನ ಕೈ ಕೋಲಿನ ಮೇಲೆ ಸುಮ್ಮನಾಯಿತು. ವಿಮಾನ ತನ್ನಷ್ಟಕ್ಕೆ ವಾಲುತ್ತಾ ಹೋಯಿತು. "ಐದನೇದು ಎಲ್ಲಿಂದ ಬಂತಕ್ಕ?" ಎಂದು ನೀನು ಕೇಳಿದೆ. ನಾನು ಏನೋ ಹೇಳಲು ಹೋದೆ, ಕಂಪ್ಯೂಟರ್ ತಪ್ಪು ಎಂದೆ, ಎರ್ರೆಪ್ಪನ ಮೇಲೆ ಹಾಕಿದೆ. "ನನ್ನ ಈ ಕಡಿಗೆ ತಿರುಗಸು" ಎಂದೆ ನೀನು. ನಾನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ.

ಮೂರು ದಿನ ನೀನು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ನಾನು ನಿನ್ನ ತಲೆ ಬಾಚುತ್ತಿದ್ದಾಗ ನೀನು ಹೇಳಿದೆ: "ಅವ್ವ ಮುಂದಿನ ವರ್ಷ ಎದ್ದು ಓಡಾಡ್ತಿ ಅಂತಾಳ. ಅಪ್ಪ ಹೊಸ ಔಷಧ ಬರ್ತೈತಿ ಅಂತಾನ. ಬಂದೋರೆಲ್ಲ ಹಂಗ. ನೀನೊಬ್ಬಾಕಿ ಸುಳ್ಳು ಹೇಳ್ತಿದ್ದಿಲ್ಲಕ್ಕ. ನಾಲ್ಕು ಅಂದ್ರ ನಾಲ್ಕು ಅಂತ ನನಗ ಗೊತ್ತಿರಬೇಕು." ನಾನು ಬೈತಲೆ ತೆಗೆದು ಬಾಚಣಿಗೆ ಕೆಳಗಿಟ್ಟೆ. ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬರಲಿಲ್ಲ. ಬಳೆ ಇಡಿಸುವವರು ಬಂದರು, ನೆಂಟರು ಬಂದರು, ನಿನ್ನನ್ನು ಹಿತ್ತಲ ಕೋಣೆಗೆ ಸಾಗಿಸಿದರು. ಹೊರಡುವ ದಿನ ನಿನ್ನ ಅಂಗೈಯಲ್ಲಿ ನನ್ನ ಬೆರಳಿಟ್ಟೆ. ನೀನು ಹಿಡಿದೆ. ಕ್ಷಮಿಸಿ ಹಿಡಿದೆಯೋ, ಅಕ್ಕ ಹೋಗುತ್ತಾಳಲ್ಲ ಎಂದು ಹಿಡಿದೆಯೋ, ಇವತ್ತಿಗೂ ತಿಳಿಯದು.

ಆಮೇಲೆ ಅಪ್ಪ ನಿನ್ನ ಬೆರಳಾದ ಕತೆ ಕೇಳಿ ನಾನಿಲ್ಲಿ ಒಬ್ಬಳೇ ನಕ್ಕಿದ್ದೇನೆ, ಒಬ್ಬಳೇ ಅತ್ತಿದ್ದೇನೆ. ಅಂಗಡಿಯ ಚೀಟಿಗಳನ್ನು ಕತ್ತರಿಸಿ ಕೀಲಿಗಳಿಗೆ ಅಂಟಿಸಿ, ಕನ್ನಡಕ ಹಾಕಿಕೊಂಡು ಕೂರುತ್ತಿದ್ದನಂತೆ. ಅವ್ವ ಫೋನನ್ನು ನಿನ್ನ ಕಿವಿಗೆ ಹಿಡಿದಾಗ ನೀನು ದೂರಿದ್ದು: "ಅಕ್ಕಾ, ಅಪ್ಪ ಒತ್ತಂಗಿಲ್ಲ. ಈಗ ಅಂದ್ರ, ತಡಿ, ಒಳಗ ಒಬ್ಬ ಮನಿಷಾ ಅದಾನಲ್ಲೋ ಅಂತಾನ." ಹಿಂದಿನಿಂದ ಅಪ್ಪನ ದನಿ, "ಅದಾನಲ್ಲವಾ ಮತ್ತ!" ನಗಲು ಹೋಗಿ ನಿನಗೆ ಕೆಮ್ಮು ಹತ್ತಿತು. ಆ ಕೆಮ್ಮು ತಿಂಗಳು ತಿಂಗಳು ಉದ್ದವಾಗುತ್ತಾ ಹೋಯಿತು. ಡಿಸೆಂಬರಿನಲ್ಲಿ ಫೋನು ಬಂದಾಗ ನಾನು ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಹಿಡಿದೆ. ಬಂದಾಗ ನಿನ್ನನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಮಾಲೆ ಹಾಕಿ, ವಿಭೂತಿ ಹಚ್ಚಿ, ನೆಟ್ಟಗೆ. ಅಷ್ಟು ನೆಟ್ಟಗೆ ನೀನು ಕೂತದ್ದನ್ನು ಕಂಡು ಎಷ್ಟು ವರ್ಷವಾಗಿತ್ತು.

ಈಗ ಅವ್ವನ ವಿಷಯ. ವರದಿ ಹಿಡಿದು ದಾವಣಗೆರೆಯಿಂದ ನೇರ ಕೊಟ್ಟೂರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದಳು. ಹುಡುಗ ಅವಳ ಪಕ್ಕ ಕೂತ. ನಾನು ಹೇಳಿದೆ. ಅವಳ ಕೈ ಮೊರದಲ್ಲಿ ನಿಂತಿತು, ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ನಿನಗ ಗೊತ್ತಿತ್ತೇನವ್ವ?" ಎಂದೆ. "ಅರುಣ ಎಂಟು ವರ್ಷದವ ಇದ್ದಾಗ ಹುಬ್ಬಳ್ಳಿ ಡಾಕ್ಟರು ಹೇಳಿದ್ರು. ಮಗಳಿಗೂ ಇದ್ದೀತು, ಆಕಿ ಮಕ್ಕಳಿಗೆ ಬಂದೀತು ಅಂತ. ನಿಮ್ಮಪ್ಪಗೂ ಹೇಳಲಿಲ್ಲ. ಹೇಳಿದ್ರ ನಿನ್ನ ಯಾರು ಮಾಡ್ಕಂತಿದ್ರು ಪುಷ್ಪಿ?" ಇಟ್ಟಿಗಿಯವರು ನನ್ನನ್ನು ನೋಡಲು ಬಂದಾಗ, ಸಣ್ಣವನಿದ್ದಾಗ ಜ್ವರ ಬಂದು ಹುಡುಗ ಹೀಗಾದ ಎಂದು ಹೇಳಿದ್ದಳು. ಅಪ್ಪನೂ ಅದನ್ನೇ ನಂಬಿದ್ದ, ನಾನೂ ನಂಬಿದ್ದೆ. ನನಗೆ ಕೂಗಾಡಬೇಕೆನ್ನಿಸಿತು. ಅವಳು ಹುಡುಗನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಒತ್ತುತ್ತಾ ಕೂತಿದ್ದಳು, ನಿನ್ನ ಕಾಲನ್ನು ಒತ್ತುತ್ತಿದ್ದ ಹಾಗೆಯೇ. ನಾನು ವರದಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಬರುವಾಗ ಅವ್ವ ಬಾಗಿಲಿಗೆ ಬಂದು, "ನಿನ್ನ ಮನಿಯವರಿಗೆ ಈಗ ಹೇಳಬ್ಯಾಡ. ಹುಡುಗ ಸಾಲಿಗೆ ಹೋಗ್ಲಿ, ಒಂದೆರಡು ವರ್ಷ ಕಳೀಲಿ" ಎಂದಳು.

ಮೂರು ದಿನ ವರದಿಯನ್ನು ಸೀರೆಗಳ ನಡುವೆ ಇಟ್ಟೆ. ನಿನ್ನ ಭಾವನ ಮುಖ ನೋಡಿದೆ. ಗುರುಬಸವರಾಜ ಅವರು ಕೆಟ್ಟವರಲ್ಲ ಅರುಣ, ಆದರೆ ಮೋಸ ಎಂದರೆ ಉರಿದುಬೀಳುವವರು. ಹಿಟ್ಟಿನ ಗಿರಣಿಯ ತಕ್ಕಡಿಯನ್ನು ವಾರಕ್ಕೊಮ್ಮೆ ತಾವೇ ಪರೀಕ್ಷಿಸುತ್ತಾರೆ. ಹೇಳಿದರೆ ನನ್ನನ್ನು ತವರಿಗೆ ಕಳಿಸಬಹುದು, ಅವ್ವನನ್ನು ಊರ ಮುಂದೆ ನಿಲ್ಲಿಸಬಹುದು, ಮಗನನ್ನು ಮುಟ್ಟದೆಯೂ ಇರಬಹುದು. ಹೇಳದಿದ್ದರೆ ಅವರು ಇನ್ನೊಂದು ವರ್ಷ ಮಗ ಪೈಲ್ವಾನನಾಗುತ್ತಾನೆ ಎಂದುಕೊಂಡು ನಗುತ್ತಾರೆ. ಎರಡರಲ್ಲಿ ಯಾವುದಕ್ಕೂ ನನ್ನ ಕೈಯಲ್ಲಿ ಔಷಧವಿಲ್ಲ.

ಇವತ್ತು ಮಧ್ಯಾಹ್ನ ಅವರು ಗಿರಣಿ ಮುಚ್ಚಿ, ಉಂಡು, ಕಟ್ಟೆಯ ಮೇಲೆ ಕೂತಿದ್ದಾಗ ಹೇಳಿಬಿಟ್ಟೆ. ರೋಗದ ಹೆಸರು, ಅದು ನನ್ನಿಂದ ಬಂದದ್ದು, ನೀನು ಹೇಗೆ ಹೋದೆ, ಎಲ್ಲವನ್ನೂ. ಅವರು ವರದಿ ಇಸಿದುಕೊಂಡರು. ಇಂಗ್ಲಿಷ್ ಓದಲು ಬಾರದು, ಆದರೂ ಎರಡು ಸಲ ಮೇಲಿನಿಂದ ಕೆಳಗೆ ನೋಡಿದರು.

"ನಿಮ್ಮವ್ವಗ ಗೊತ್ತಿತ್ತಾ?"

"ಗೊತ್ತಿತ್ತು."

"ನಿನಗ?"

"ಗುರುವಾರದಿಂದ."

ವರದಿಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಕೇಳಿದರು, "ಎಷ್ಟು ವರ್ಷ ನಡೀತಾನ?" ಹತ್ತು ತುಂಬುವ ತನಕ, ಹೆಚ್ಚೆಂದರೆ ಹನ್ನೆರಡು ಎಂದೆ. "ಆಮ್ಯಾಲೆ?" ಎಂದರು. ನಾನು ಅದನ್ನೂ ಹೇಳಿದೆ. ಅವರು ಎದ್ದರು. ನಂತರ ಒಳಗೆ ಹೋಗಿ, ಆಡುತ್ತಿದ್ದ ಹುಡುಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ನನ್ನ ಕಡೆ ನೋಡದೆ, ಚಪ್ಪಲಿ ಕೂಡ ಹಾಕದೆ ಬೀದಿಗೆ ಇಳಿದರು. ತಮ್ಮ ಅಣ್ಣನ ಮನೆಗೆ ಹೊರಟರೋ, ಕೊಟ್ಟೂರಿನ ಬಸ್ಸಿಗೋ ಗೊತ್ತಾಗಲಿಲ್ಲ. ಕೇಳಲು ನನಗೆ ಯಾವ ಹಕ್ಕು? ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಗಿರಣಿಯ ತಿರುವಿಗೆ ಮುಟ್ಟಿದಾಗ ಚನ್ನವೀರ ಅಪ್ಪನ ತಲೆಯ ಮೇಲೆ ಎರಡೂ ಕೈಯಿಂದ ಬಡಿಯತೊಡಗಿದ. "ಇಳಸಪ್ಪಾ, ನಾ ನಡೀತೀನಿ! ಇಳಸು!" ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಅವರು ನಿಂತರು. ಇಳಿಸಲಿಲ್ಲ, ಸುಮ್ಮನೆ ನಿಂತಿದ್ದರು. ಅವರ ಹೆಗಲು ಅದುರುವುದು ಇಷ್ಟು ದೂರದಿಂದಲೂ ಕಾಣುತ್ತಿತ್ತು. ಆಮೇಲೆ ನಿಧಾನಕ್ಕೆ ಬಗ್ಗಿ ಅವನನ್ನು ನೆಲದ ಮೇಲೆ ಬಿಟ್ಟರು. ಹುಡುಗ ಹೊಟ್ಟೆ ಮುಂದೆ ಮಾಡಿಕೊಂಡು, ತುದಿಗಾಲಿನಲ್ಲಿ, ತೂರಾಡುತ್ತಾ ಮುಂದೆ ಹೊರಟ. ಅವರು ಹಿಂದೆ, ಅವನು ಒಂದು ಹೆಜ್ಜೆ ಇಟ್ಟರೆ ತಾವು ಅರ್ಧ ಹೆಜ್ಜೆ ಇಡುತ್ತಾ ಹೋದರು.

ಇನ್ನೂ ಬಂದಿಲ್ಲ. ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಆ ಐದನೆಯದಕ್ಕೆ ತಪ್ಪಾಯಿತು ಅರುಣ. ಅವತ್ತೇ ಹೇಳಬೇಕಿತ್ತು.

ನೀನಿರುವ ಕಡೆ ನಿನ್ನ ಕೈಕಾಲು ಹಗುರಾಗಿರಲಿ. ನಿನ್ನ ಅಳಿಯ ನಡೆಯುವಷ್ಟು ದಿನ ನಡೆಯಲಿ ಎಂದು ಹರಸು.

ನಿನ್ನ ಅಕ್ಕ,
ಪುಷ್ಪಲತಾ