ಎಡಕ್ಕೆ ದನಿ, ಬಲಕ್ಕೆ ಪೇಟಿ

ಮೂಡಲಗಿ
೧೩ ನವೆಂಬರ್ ೨೦೨೪

ಪ್ರೀತಿಯ ಶೈಲಕ್ಕನಿಗೆ,

ತಂಗಿ ರಾಜೇಶ್ವರಿಯ ನಮಸ್ಕಾರ. ಇಲ್ಲಿ ಅಪ್ಪ, ಅವ್ವ, ನಾನು ಕ್ಷೇಮ. ನೀನು, ಸಿದ್ರಾಯ ಮಾಮಾ, ಹೊಟ್ಟೆಯೊಳಗಿನ ಕೂಸು ಮೂವರೂ ಸುಖವಾಗಿರುವಿರೆಂದು ನಂಬಿದ್ದೇನೆ. ಯಮಕನಮರಡಿಯಿಂದ ನೀನು ನಿನ್ನ ಸೀಮಂತದ ಸಲುವಾಗಿ ಎರಡು ಸಲ ಫೋನ್ ಮಾಡಿ, "ಕುಬಸಕ್ಕ ಸೀರಿ ತಗೊಂಡ ಅಪ್ಪ ಬರ್ತಾನೇನು?" ಎಂದು ಕೇಳಿದೆ. ಎರಡು ಸಲವೂ ನಾನು ಮಾತು ಹಾರಿಸಿದೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಫೋನಿನಲ್ಲಾದರೆ ನನಗೆ ಸಿಟ್ಟು ಬರುತ್ತದೆ, ನಿನಗೆ ಅಳು ಬರುತ್ತದೆ.

ಮೊದಲು ಸುದ್ದಿ. ನಮ್ಮ ಮನೆಗೆ ಸ್ಟೀರಿಯೊ ಬಂತು. ಸೋಮವಾರದ ಭಜನೆ ಮಂದಿಗೆ ಹಳೆಯ ಹಾಡು ಕೇಳಿಸಬೇಕೆಂದು ಅಪ್ಪನೇ ಹತ್ತು ಸಾವಿರ ಕೊಟ್ಟು, ಆರಿಸುವ ಕೆಲಸ ನನಗೆ ಒಪ್ಪಿಸಿದ. ನಾನು ಆಗಲೇ ಒಂದು ಹೂಟ ಹೂಡಿದೆ. ಗೋಕಾಕದ ಸ್ಟುಡಿಯೋದಲ್ಲಿ ನೀನು ಹಾಡಿ ಅಪ್ಪ ಹಾರ್ಮೋನಿಯಂ ಪೇಟಿ ಬಾರಿಸಿದ ಭಜನೆ ಇದೆಯಲ್ಲ, ಅದನ್ನು ಮೊಬೈಲಿನ ಡಬ್ಬಿ ದನಿಯಲ್ಲಿ ಅಲ್ಲ, ನೀನು ಎದುರಿಗೇ ಕೂತಂತೆ ಅವನಿಗೆ ಕೇಳಿಸಬೇಕು. ಕೇಳಿದ ಮೇಲೆ ಕುಬಸಕ್ಕೆ ಹೊರಡದೆ ಇರಲಾರ ಎಂದುಕೊಂಡೆ. ಸೋಮವಾರ ಪಡಸಾಲೆಯಲ್ಲಿ ಕೂತು ಮನುಷ್ಯರೆಲ್ಲ ಒಂದೇ ಕುಲ ಎಂದು ಹಾಡುವವನು, ಮಗಳು ಕುರುಬರ ಮನೆ ಸೇರಿದಳೆಂದು ಎರಡು ವರ್ಷ ಮಾತು ಬಿಡುವುದು ಯಾವ ಧರ್ಮ? ಇದನ್ನು ಅವನ ಮುಂದೆಯೇ ಕೇಳಿದೆ.

"ಕರಪತ್ರ ಓದಿ ಓದಿ ನಿನ್ನ ತಲಿ ಛಾಪಖಾನಿ ಆಗೇತಿ," ಎಂದ.

ಗೋಕಾಕದ ಅಂಗಡಿಯಲ್ಲಿ ಅಣ್ಣಾಸಾಹೇಬ ಕಾಕಾ ಬಣ್ಣದ ದೀಪ ಮಿನುಗುವ ದೊಡ್ಡ ಸ್ಪೀಕರ್ ತೋರಿಸಿದರು. ನಾನು ಹಿಂದೆ ಬಗ್ಗಿ, ಕರೆಂಟಿಗೆ ಅದು ಒಡ್ಡುವ ತಡೆ ಎಷ್ಟು ಓಮ್ ಎಂದು ನೋಡಿದೆ. ನಾಲ್ಕು. ಎಂಟು ಓಮ್ ಕೇಳುವ ಆಂಪ್ಲಿಫೈಯರಿಗೆ ಅದನ್ನು ಕಟ್ಟಿದರೆ ಆಂಪ್ಲಿಫೈಯರ್ ಕಾದು ಸುಟ್ಟೀತು.

"ವ್ಯಾಟ್ ನೋಡವಾ ತಂಗಿ, ಓಮ್ ಕಟಗೊಂಡ ಏನ ಮಾಡ್ತಿ? ಆಂಪ್ಲಿಫೈಯರೂ ಇದ ಕಂಪನಿದ ತಗೊ. ಜಾತಿಗೆ ಜಾತಿ ಕೂಡಿದ್ರ ಚಲೋ."

"ಓಮ್ ಹೊಂದಿದ್ರ ಮುಗೀತ್ರಿ ಕಾಕಾ. ಕಂಪನಿ ಯಾವದರ ಇರ್ಲಿ. ಜಾತಿ ಜಾತಿ ಅಂತ ಸ್ಪೀಕರಿಗೂ ಹಚ್ಚಬ್ಯಾಡ್ರಿ."

"ಭಾಷಣ ಮುಗದಿದ್ರ ಬಿಲ್ ಮಾಡ್ಲ್ಯಾ?" ಎಂದು ನಕ್ಕರು. ದೀಪವಿಲ್ಲದ, ಎಂಟು ಓಮಿನ ಸಣ್ಣ ಜೋಡಿ ತೆಗೆದುಕೊಂಡೆ. ಉಳಿದ ಹಣಕ್ಕೆ ಹೊಸ ಆಂಪ್ಲಿಫೈಯರ್ ಸಿಗುವುದಿಲ್ಲ. ಹುಕ್ಕೇರಿಯಲ್ಲಿ ಪರಸಪ್ಪ ಮಾಸ್ತರರು ಎಂಟು ಓಮಿನದೇ ತಮ್ಮ ಹಳೆಯದನ್ನು ಮಾರುತ್ತಾರೆಂದು ಕೇಳಿ ಮರುದಿನವೇ ಬಸ್ಸು ಹತ್ತಿದೆ. ಅದು ಕಲ್ಲಿನಂತೆ ಭಾರ. "ನನ್ನ ಕಿವಿ ಇದರ ಲಾಯಕ ಉಳದಿಲ್ಲ, ನೀ ಒಯ್ಯವಾ," ಎಂದು ಟವೆಲಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ನಿನ್ನನ್ನೇ ಮನೆಗೆ ಕರೆತರುತ್ತಿದ್ದೇನೆ ಅನ್ನಿಸುತ್ತಿತ್ತು.

ಎರಡು ಸ್ಪೀಕರನ್ನೂ ಕಿವಿಯ ಎತ್ತರಕ್ಕೆ, ಗೋಡೆಯಿಂದ ದೂರ ಇಟ್ಟು, ಅಪ್ಪನ ಕುರ್ಚಿಯನ್ನು ಎರಡಕ್ಕೂ ಸರಿಸಮ ದೂರಕ್ಕೆ ಎಳೆದೆ. "ಬೀಗರು ಬಂದಾಗೂ ಇಷ್ಟ ಜಾಗಾ ಮಾಡಿದ್ದಿಲ್ಲ," ಎಂದಳು ಅವ್ವ. ಮೊನ್ನೆ ಸೋಮವಾರ, ಭಜನೆ ಮಂದಿ ಬರುವ ಮೊದಲು, ಹಾಡು ಹಚ್ಚಿದೆ. ಎಡಗಡೆಯಿಂದ ನಿನ್ನ ದನಿ, ಬಲಗಡೆಯಿಂದ ಅಪ್ಪನ ಪೇಟಿ. ನೀನು ಉಸಿರು ಎಳೆದುಕೊಳ್ಳುವುದೂ ಕೇಳಿತು. ಅವ್ವ ಒಳಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಳು. ಅಪ್ಪ ಮನೆ ಬಿಟ್ಟು ಹೋಗಲಿಲ್ಲ, ಬಂದ್ ಮಾಡು ಅನ್ನಲಿಲ್ಲ. ಕೊನೆಯವರೆಗೂ ಕೇಳಿದ.

ಹೊತ್ತಿಗೆ ಸರಿಯಾಗಿ ಉಣ್ಣು. ಮಾಮಾನಿಗೆ ನಮಸ್ಕಾರ ಹೇಳು. ಕೂಸು ಗಟ್ಟಿಮುಟ್ಟಾಗಿ ಹುಟ್ಟಲಿ, ಯಾರ ಮುಂದೆಯೂ ತಲೆ ತಗ್ಗಿಸದೆ ಬೆಳೆಯಲಿ.

ನಿನ್ನ ತಂಗಿ,
ರಾಜೇಶ್ವರಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅಪ್ಪ ಕೊನೆಯವರೆಗೂ ಕೇಳಿದ್ದು ಖರೆ. ಏನನ್ನು ಕೇಳಿದ ಎಂದು ಬರೆಯುವ ಧೈರ್ಯ ಬರಲಿಲ್ಲ. ನಿನ್ನ ದನಿ ಒಂದು ಸಾಲು ಹಾಡುವಷ್ಟರಲ್ಲಿ ಅವನು ಎದ್ದು, ಎಡಬಲ ಸಮ ಮಾಡುವ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ನಿನ್ನ ಕಡೆಯ ಸ್ಪೀಕರ್ ಸುಮ್ಮನಾಯಿತು. ಬರೀ ಪೇಟಿ ಉಳಿಯಿತು. ಕಣ್ಣು ಮುಚ್ಚಿ ತನ್ನ ಪೇಟಿಯನ್ನು ತಾನೇ ಕೇಳುತ್ತ ಕೂತ. ಮುಗಿದ ಮೇಲೆ ಕುಬಸದ ಮಾತು ತೆಗೆದೆ. "ಸೆಟ್ ಚಲೋ ಆರಿಸೀದಿ. ಅಷ್ಟ ಮಾತಾಡು," ಎಂದ. ಅವನ ದಾರಿ ನೋಡಬೇಡ ಅಕ್ಕಾ. ಸೀರೆ ನಾನು ತರುತ್ತೇನೆ.

ಇವತ್ತು ಅಪ್ಪ ಹೊಲಕ್ಕೆ ಹೋದ ಮೇಲೆ ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಸ್ಟೀರಿಯೊದ ಮುಂದೆ ನಿಂತಳು. "ಆ ಗುಂಡಿ ಈ ಕಡೆ ಹೆಂಗ ತಿರಗಸೂದು, ತೋರಸು," ಎಂದಳು. "ಪೇಟಿ ನನಗ ಬ್ಯಾಡ."