ಕಂಬಕ್ಕೆ ಮೊದಲು ಲಾಂಛನ ನೆಟ್ಟವರಿಗೆ

ಆಲ್ಡರ್ ಫಾಲ್ಸ್ ನಗರ ವಿದ್ಯುತ್ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಊರಿಗೆ ಸ್ವಂತ ವಿದ್ಯುತ್ ಸಂಸ್ಥೆ ಬಂದಾಗಿದೆ ಎಂದು ನಂಬಿದ ಎಂಬತ್ತೊಂದು ವರ್ಷದ ಒಬ್ಬರು, ಕಳೆದ ಫೆಬ್ರುವರಿಯ ಒಂದು ಶನಿವಾರ, ಬೆಳಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡರವರೆಗೆ ಸಾಕಾಗದ ಉಸಿರಿನಲ್ಲಿ ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತಿದ್ದರು. ಅವರು ನನ್ನ ಮಾವ, ಸೆಲ್ಮರ್ ಹಾಲ್ವರ್ಸನ್. ಹಾಗೆ ನಂಬಲು ಕಾರಣ ಕೊಟ್ಟವರು ನೀವು. ಆ ಸಂಸ್ಥೆಗೆ ಇಂದಿಗೂ ಒಂದು ಕಂಬವಿಲ್ಲ, ಒಂದು ಗಜ ತಂತಿಯಿಲ್ಲ, ಕಂಬ ಹತ್ತಬಲ್ಲ ಒಬ್ಬ ಮನುಷ್ಯನಿಲ್ಲ. ಲಾಂಛನವೊಂದಿದೆ. ಓಕ್ ಎಲೆಯೊಳಗೆ ಮಿಂಚು. ಚೆನ್ನಾಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಈಗ ನಮಗೆ ಕರೆಂಟು ಮಾರುತ್ತಿರುವ ಖಾಸಗಿ ಕಂಪನಿಯ ಪರವಾಗಿ ನಾನು ಬರೆಯುತ್ತಿಲ್ಲ. ಕಳೆದ ವರ್ಷ ಜೂನ್ ಮತದಾನಕ್ಕೆ ಮುನ್ನ ನಿಮ್ಮ ಕರಪತ್ರ ಹಿಡಿದು ಈ ಊರಿನ ನೂರನಲವತ್ತು ಮನೆಗಳ ಬಾಗಿಲು ತಟ್ಟಿದವಳು ನಾನು. ಬೇರೆ ರಾಜ್ಯದಲ್ಲಿ ಕುಳಿತು ನಮ್ಮ ದರ ಏರಿಸುವ, ಮೂರು ವರ್ಷದಿಂದ ನಮ್ಮ ತಂತಿಗಳ ಮೇಲಿನ ಕೊಂಬೆ ಕಡಿಯಲು ಜನ ಕಳಿಸದ ಆ ಕಂಪನಿಯ ಬಗ್ಗೆ ನನಗೆ ಯಾವ ಮಮತೆಯೂ ಇಲ್ಲ. ಊರಿನ ಕರೆಂಟು ಊರಿನವರ ಕೈಯಲ್ಲಿರಬೇಕೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ: ಕೈಯಲ್ಲಿ ಏನನ್ನು ಹಿಡಿಯಲು ಹೊರಟಿದ್ದೇವೆ ಎಂದು ನಮ್ಮಲ್ಲಿ ಯಾರಾದರೂ ಕೇಳಿಕೊಂಡಿದ್ದೆವೇ?

ಇನ್ನೂರ ಹನ್ನೆರಡು ಮತಗಳಿಂದ ನಾವು ಗೆದ್ದೆವು. ಗೆದ್ದದ್ದು ಏನನ್ನು? ಸಂಸ್ಥೆ ಕಟ್ಟುವ ಅಧಿಕಾರವನ್ನು. ಕಂಬ, ತಂತಿ, ಉಪಕೇಂದ್ರಗಳೆಲ್ಲ ಕಂಪನಿಯವೇ. ಅವನ್ನು ಕೊಡುವುದಿಲ್ಲವೆಂದು ಅದು ನ್ಯಾಯಾಲಯಕ್ಕೆ ಹೋಯಿತು. ಇಂಥ ವ್ಯಾಜ್ಯಗಳು ಐದು, ಹತ್ತು ವರ್ಷ ಎಳೆಯುತ್ತವೆಂದು ನಿಮ್ಮ ತಜ್ಞರೇ ಮುನ್ನೂರ ಹದಿನೆಂಟು ಪುಟಗಳ ವರದಿಯಲ್ಲಿ, ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದರು. ನೀವು ಮಾತ್ರ ಜುಲೈನಲ್ಲೇ ಪ್ರತಿ ಮನೆಗೂ ಫ್ರಿಜ್ಜಿಗೆ ಅಂಟಿಸುವ ಒಂದು ಅಯಸ್ಕಾಂತದ ಬಿಲ್ಲೆ ಕಳಿಸಿದಿರಿ. ಮೇಲೆ ಓಕ್ ಎಲೆ, ಕೆಳಗೆ 'ನಿಮ್ಮ ಊರು, ನಿಮ್ಮ ಬೆಳಕು', ಅದರ ಕೆಳಗೆ ಒಂದು ದೂರವಾಣಿ ಸಂಖ್ಯೆ. ಆ ಸಂಖ್ಯೆಗೆ ಕರೆ ಮಾಡಿದರೆ ಎಲ್ಲಿ ಗಂಟೆ ಬಾರಿಸುತ್ತದೆಂದು ನಿಮಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಮಾವನಿಗೆ ಆರು ವರ್ಷದಿಂದ ಹಗಲೂ ರಾತ್ರಿ ಆಕ್ಸಿಜನ್ ಯಂತ್ರ ಬೇಕು. ಅಂಥವರ ಪಟ್ಟಿಯೊಂದನ್ನು ಕಂಪನಿ ಇಟ್ಟುಕೊಂಡಿದೆ. ಪ್ರತಿ ಡಿಸೆಂಬರಿನಲ್ಲಿ ವೈದ್ಯರ ಸಹಿ ಹಾಕಿಸಿದ ಫಾರಂ ಕಳಿಸಿದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಕರೆಂಟು ಹೋದಾಗ ಮೊದಲ ಫೋನು ಆ ಮನೆಗಳಿಗೆ. ಎತ್ತದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಕಂಪನಿ ಮಾಡುವ ಒಳ್ಳೆಯ ಕೆಲಸಗಳು ಕಡಿಮೆ. ಇದು ಅವುಗಳಲ್ಲೊಂದು.

ಡಿಸೆಂಬರಿನಲ್ಲಿ ಫಾರಂ ತುಂಬಿ ಮಾವ ಹೇಳಿದರು: "ಇದನ್ನ ಈ ಸಲ ನಗರಸಭೆಗೆ ಹಾಕ್ಬೇಕು, ಅಲ್ವೇನಮ್ಮಾ?"

"ಯಾಕ್ ಮಾವ, ಕಂಪನೀದಲ್ವಾ ಫಾರಂ?"

"ಲೇ, ವೋಟು ಗೆದ್ದು ಆರು ತಿಂಗಳಾಯ್ತು. ಫ್ರಿಜ್ ಮೇಲೆ ನಂಬರ್ ಇದೆ ನೋಡು. ಮನೆಮನೆ ತಿರುಗಿದೋಳು ನೀನು, ನಿಂಗೇ ನಾನು ಹೇಳ್ಕೊಡ್ಬೇಕಾ?"

ವಿಳಾಸ ಬರೆದವಳು ನಾನು. ಅಂಚೆಗೆ ಹಾಕಿದವಳೂ ನಾನೇ. ನಾನು ಶಾಲಾ ಗ್ರಂಥಪಾಲಕಿ. ಓದುವುದೇ ನನ್ನ ಕಸುಬು. ಆ ವರದಿಯನ್ನು ಓದಿದ್ದೆನೆಂದು ಜಂಬವಿತ್ತು. ಆದರೂ ಫ್ರಿಜ್ಜಿನ ಮೇಲಿನ ಬಿಲ್ಲೆಯನ್ನೇ ನಂಬಿದೆ. ಈ ಪತ್ರದಲ್ಲಿ ನಿಮ್ಮನ್ನು ದೂರುವ ಪ್ರತಿ ವಾಕ್ಯದಲ್ಲೂ ಅರ್ಧ ಪಾಲು ನನ್ನದು. ಉಳಿದ ಅರ್ಧವನ್ನು ದಯವಿಟ್ಟು ನೀವು ತೆಗೆದುಕೊಳ್ಳಿ. ನಿಮ್ಮ ಕಚೇರಿ ಆ ಫಾರಂ ಮೇಲೆ 'ಸ್ವೀಕರಿಸಲಾಗಿದೆ' ಎಂದು ಮುದ್ರೆ ಒತ್ತಿ ಕಡತಕ್ಕೆ ಸೇರಿಸಿತು. ಒಬ್ಬ ಮನುಷ್ಯನ ಉಸಿರು ಯಾವ ಕಡತಕ್ಕೆ ಸೇರುತ್ತದೆಂದು ಅಲ್ಲಿ ಯಾರಿಗೂ ಸಂದೇಹ ಬರಲಿಲ್ಲವೇ?

ಫೆಬ್ರುವರಿಯ ಆ ಶನಿವಾರ, ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಗುವ ಮಳೆ. ಎಂಟು ಗಂಟೆಗೆ ನಾನು ಫೋನು ಮಾಡಿದೆ.

"ಕರೆಂಟ್ ಹೋಗಿದೆಯಂತೆ ಮಾವ, ಹೇಗಿದೀರಿ?"

"ಚೆನ್ನಾಗೇ ಇದೀನಿ. ಸಿಲಿಂಡರ್ ಇದೆ. ನೀನು ಈ ರಸ್ತೇಲಿ ಕಾರ್ ತೆಗೀಬೇಡ."

ನಮ್ಮ ಈ ಮಿನ್ನೆಸೋಟ ರಾಜ್ಯದ ಮುದುಕರು 'ಚೆನ್ನಾಗೇ ಇದೀನಿ' ಎಂದರೆ ಅದಕ್ಕೆ ಏನೆಲ್ಲ ಅರ್ಥವಿರಬಹುದೆಂದು ಹತ್ತೊಂಬತ್ತು ವರ್ಷ ಈ ಮನೆಯ ಸೊಸೆಯಾಗಿರುವ ನನಗೆ ತಿಳಿದಿರಬೇಕಿತ್ತು. ಪಟ್ಟಿ ನೋಡಿ ಯಾರಾದರೂ ಬಂದೇ ಬರುತ್ತಾರೆಂದು ಸುಮ್ಮನಾದೆ. ಮಾವ ನಿಮ್ಮ ಸಂಖ್ಯೆಗೆ ನಾಲ್ಕು ಸಲ ಕರೆ ಮಾಡಿದ್ದರು. ಅವರ ಕರೆ ನಿಮಗೆ ಅಮೂಲ್ಯವೆಂದೂ, ಕಚೇರಿ ಸೋಮವಾರ ತೆರೆಯುತ್ತದೆಂದೂ ಒಂದು ಮಧುರ ಧ್ವನಿ ನಾಲ್ಕು ಸಲವೂ ತಿಳಿಸಿತು. ಹನ್ನೊಂದರ ನಂತರ ಅವರು ನನ್ನ ಫೋನು ಎತ್ತಲಿಲ್ಲ. ಜಾರದಿರಲೆಂದು ರಸ್ತೆಗೆ ಮರಳು ಚೆಲ್ಲುವ ಲಾರಿಯ ಹಿಂದೆ ಎರಡು ಗಂಟೆ ತೆವಳಿ ನಾನು ತಲುಪಿದಾಗ, ಐದು ಗಂಟೆ ಬರುವ ಸಿಲಿಂಡರನ್ನು ಅತಿ ಸಣ್ಣಗೆ ತಿರುಗಿಸಿಟ್ಟುಕೊಂಡು, ಕೋಟು ಹೊದ್ದು ಕುಳಿತಿದ್ದರು. ತುಟಿ ನೀಲಿ. ಆಂಬುಲೆನ್ಸ್ ಯಾಕೆ ಕರೆಯಲಿಲ್ಲವೆಂದು ಕಿರುಚಿದೆ. "ನಿಜವಾಗಿ ಕಷ್ಟದಲ್ಲಿರೋರಿಗೆ ಬೇಕಾಗುತ್ತಲ್ಲಮ್ಮಾ" ಅಂದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು.

ಮುಂದಿನ ಗುರುವಾರ ಅವರ ಬಟ್ಟೆ ತರಲು ಹೋದಾಗ ಕಂಪನಿಯ ಲೈನ್‌ಮನ್ ಡ್ವೇನ್ ಮನೆಯೆದುರಿನ ಕಂಬ ಸರಿಮಾಡಿ ಇಳಿಯುತ್ತಿದ್ದರು. ಮಾವನನ್ನು ಮೊದಲಿಂದ ಬಲ್ಲವರು.

"ಇದಾರಾ ಅವರು?" ಎಂದು ನಿಧಾನವಾಗಿ ಕೇಳಿದರು. "ಈ ವರ್ಷ ಪಟ್ಟೀಲಿ ಹೆಸರಿರ್ಲಿಲ್ಲ. ಹೋಗ್ಬಿಟ್ರೇನೋ ಅಂದ್ಕೊಂಡೆ ಮೇಡಂ. ಬಂದು ಕೇಳೋಕೆ ಧೈರ್ಯ ಬರ್ಲಿಲ್ಲ."

ಏನು ನಡೆಯಿತೆಂದು ಹೇಳಿದೆ. ಅವರು ಕೈಗವಸು ಬಿಚ್ಚಿ ಏಣಿಗೆ ಒರಗಿದರು. ಆಮೇಲೆ ನಕ್ಕರು, ಸಂತೋಷದ ನಗುವಾಗಿರಲಿಲ್ಲ.

"ನಗರಸಭೆಯೋರು ತಗೊಂಡ್ರೂ ಈ ಕಂಬ ಯಾರು ಹತ್ತೋದು ಹೇಳಿ? ಈ ಕಡೆ ಇರೋರು ನಾವು ಹನ್ನೊಂದು ಜನ. ನಮ್ಮ ಪಿಂಚಣಿ ಎಲ್ಲಾ ಕಂಪನೀಲಿದೆ. 'ಬರ್ತೀಯೇನಪ್ಪಾ' ಅಂತ ಒಬ್ಬರೂ ಕೇಳಿಲ್ಲ. ನಕ್ಷೆ ಬೇರೆ ಬರೆದಿದಾರೆ, ಸೇತುವೆ ಹತ್ರ ಗೆರೆ ಎಳೆದು, ಈಚೆಗೆಲ್ಲಾ ನಮ್ದು ಅಂತ. ಈ ಬೀದಿಗೆ ಲೈನ್ ಬರೋದೇ ಹೊಳೆ ಆಚೆ ಉಪಕೇಂದ್ರದಿಂದ. ಕರೆಂಟಿಗೆ ನಿಮ್ಮ ಊರ ಗಡಿ ಗೊತ್ತಾ?"

ಅಧ್ಯಕ್ಷರೇ, ಮುನ್ನೂರ ಹದಿನೆಂಟು ಪುಟ ಬರೆದವರು ಆಡದ ಮಾತನ್ನು ಅವರು ಏಣಿಗೆ ಒರಗಿ ಎರಡು ನಿಮಿಷದಲ್ಲಿ ಆಡಿದರು. ಅಂದೇ ಸಂಜೆ ವರದಿಯನ್ನು ಮತ್ತೆ ತೆಗೆದೆ. ದರದ ಬಗ್ಗೆ ತೊಂಬತ್ತು ಪುಟ. ಸಿಬ್ಬಂದಿಯ ಬಗ್ಗೆ ಒಂದೂವರೆ. ಹೊಳೆಯಾಚೆಯ ಉಪಕೇಂದ್ರದ ಬಗ್ಗೆ ಒಂದು ಅಡಿಟಿಪ್ಪಣಿ. ಬಿರುಗಾಳಿ ಬಂದಾಗ ನೆರೆಯೂರುಗಳಿಂದ ಯಾರು ಲಾರಿ ಕಳಿಸಿಯಾರು, ಒಡೆದ ಟ್ರಾನ್ಸ್‌ಫಾರ್ಮರ್‌ಗೆ ಬದಲಿ ಎಲ್ಲಿಂದ ಬಂದೀತು ಎಂಬುದಕ್ಕೆ 'ಮುಂದೆ ಪರಿಶೀಲಿಸಲಾಗುವುದು'. ಯಂತ್ರದಿಂದ ಉಸಿರಾಡುವವರ ಪಟ್ಟಿಯ ಬಗ್ಗೆ ಒಂದಕ್ಷರವೂ ಇಲ್ಲ. ನಮ್ಮ ಊರನ್ನು ನಾವು ಪ್ರೀತಿಸುವುದು ಇಷ್ಟು ಅವಸರದಲ್ಲೇ?

ಏಪ್ರಿಲ್‌ನಲ್ಲಿ ನಗರಸಭೆಯ ಬಹಿರಂಗ ಸಭೆಯಲ್ಲಿ ನನಗೂ ಮಾತಾಡಲು ಎರಡು ನಿಮಿಷ ಸಿಕ್ಕಿತು. ಸಮಯ ಮುಗಿಯಿತೆಂದು ಕೆಂಪು ದೀಪ ಹೊತ್ತಿದಾಗ ನೀವು "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದಮ್ಮಾ" ಎಂದಿರಿ. ನಾನು ಭಾವನೆ ಹೇಳಿಕೊಳ್ಳಲು ಬಂದಿರಲಿಲ್ಲ. ಪಟ್ಟಿ ಯಾರ ಬಳಿ ಇರುತ್ತದೆಂದು ಕೇಳಿದ್ದೆ. ನೀವು ಉತ್ತರಿಸಲಿಲ್ಲ, ಕಂಪನಿ ಉತ್ತರಿಸಿತು. ಹದಿನೈದೇ ದಿನದಲ್ಲಿ ಹೊಳೆಯುವ ಕಾಗದದ ಮೇಲೆ ನನ್ನ ಮಾತು ಊರಿಗೆಲ್ಲ ಅಂಚೆಯಲ್ಲಿ ಬಂತು: 'ನಗರಸಭೆ ನನ್ನ ಮಾವನನ್ನು ಮರೆಯಿತು.' ನಾನು ಹೇಳಿದ್ದ ವಾಕ್ಯ 'ಕಂಪನಿ ಈ ಊರನ್ನು ಮರೆತ ಹಾಗೆಯೇ' ಎಂದು ಮುಗಿದಿತ್ತು. ಆ ಅರ್ಧ ಅವರ ಕಾಗದದಲ್ಲಿ ಹಿಡಿಸಲಿಲ್ಲವಂತೆ. ಅಂದಿನಿಂದ ಒಂದು ಪಕ್ಷದ ಗೆಳೆಯರು ನನ್ನನ್ನು ದ್ರೋಹಿ ಎನ್ನುತ್ತಾರೆ, ಇನ್ನೊಂದು ಪಕ್ಷದ ಅಪರಿಚಿತರು ಬೆನ್ನು ತಟ್ಟುತ್ತಾರೆ. ಯಾವುದು ಹೆಚ್ಚು ನೋಯಿಸುತ್ತದೆಂದು ಇನ್ನೂ ತಿಳಿದಿಲ್ಲ.

ನವೆಂಬರಿನಲ್ಲಿ ಕಂಬ-ತಂತಿಗಳನ್ನು ಕೊಳ್ಳಲು ಅನುಮತಿ ಬೇಡಿ ನೀವು ಮತ್ತೆ ನಮ್ಮ ಮುಂದೆ ಬರುತ್ತಿದ್ದೀರಿ. ಅದಕ್ಕೆ ಮುನ್ನ ಈ ಊರಿನ ಪ್ರತಿ ಮನೆಗೂ ಒಂದು ಪುಟದ ಕಾಗದ ಬರಬೇಕು. ಸ್ವಾಧೀನ ಆಗುವ ದಿನದವರೆಗೆ ಕರೆಂಟು ಹೋದರೆ ಯಾರಿಗೆ ಫೋನು ಮಾಡಬೇಕು, ವೈದ್ಯರ ಫಾರಂ ಎಲ್ಲಿಗೆ ಹೋಗಬೇಕು ಎಂದು ಅದರಲ್ಲಿ ನೇರವಾಗಿ ಬರೆದಿರಲಿ, ಕೆಳಗೆ ನಿಮ್ಮದೂ ಕಂಪನಿಯದೂ ಸಹಿ ಇರಲಿ. ನ್ಯಾಯಾಲಯದಲ್ಲಿ ಬೇಕಾದಷ್ಟು ಹೊಡೆದಾಡಿ. ಈ ಒಂದು ಕಾಗದಕ್ಕೆ ಒಟ್ಟಿಗೆ ಕೂರಿ. ನಗರಸಭೆಗೆ ಬಂದ ಇಂಥ ಫಾರಂಗಳನ್ನೆಲ್ಲ ಇದೇ ವಾರ ಹುಡುಕಿಸಿ ತಲುಪಬೇಕಾದಲ್ಲಿಗೆ ತಲುಪಿಸಿ. ನಮ್ಮದೊಂದೇ ತಪ್ಪಿಹೋಗಿರಲಾರದು. ಸ್ವಾಧೀನದ ದಿನಾಂಕಕ್ಕೆ ಮೊದಲು ಆ ಹನ್ನೊಂದು ಮಂದಿಯನ್ನು ಕರೆದು ಮಾತಾಡಿಸಿ. ಹೊಳೆಯಾಚೆಯ ತಂತಿಯ ಗತಿಯೇನೆಂದು ಅವರೇ ಹೇಳುತ್ತಾರೆ.

ಕಾಗದ ಬಾರದಿದ್ದರೆ ನಾನು 'ಬೇಡ' ಎಂದು ಮತ ಹಾಕುತ್ತೇನೆ. ಹೀಗೆಂದು ಮಾವನಿಗೆ ಹೇಳಿದಾಗ ಅವರು ಮೂಗಿನ ನಳಿಕೆ ಸರಿಪಡಿಸಿಕೊಳ್ಳುತ್ತಾ ನನ್ನನ್ನೇ ಗದರಿದರು: "ನಾನಂತೂ 'ಹೌದು' ಅಂತ್ಲೇ ಹಾಕೋದು. ತಪ್ಪು ಮಾಡೋರು ನಮ್ಮೂರೋರೇ ಆಗಿರ್ಲಿ. ಬಯ್ಯೋಕೆ ಕೈಗೆ ಸಿಕ್ತಾರೆ."

ಅಧ್ಯಕ್ಷರೇ, ಮೊದಲ ಮಂಜು ಬೀಳಲು ಆರು ವಾರವಿದೆ. ಅವರು ನಿಮ್ಮ ಮೇಲೆ ಇಟ್ಟಿರುವ ಭರವಸೆ ಇಷ್ಟೇ: ನೀವು ಕೈಗೆ ಸಿಗುತ್ತೀರಿ ಎಂದು. ಈ ಸಲ ಸಿಗಿ.

ಇಂತಿ,
ನಿಮ್ಮೂರಿನವಳೇ ಆದ್ದರಿಂದ ಬಯ್ಯುತ್ತಿರುವ,
ವಾರಿಜಾ ಹಾಲ್ವರ್ಸನ್